ಮಂಜವ್ವನ ಒದ್ದೆ ಬೆರಳು

ಗಂಟಲಿನ ಆಪರೇಷನ್ ಆದ ಮೇಲೆ ಮಂಜವ್ವನ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. ಜೀವ ಉಳಿಯಿತಲ್ಲ, ಅದೇ ದೊಡ್ಡದು ಎಂದು ಬೆಟಗೇರಿಯ ಓಣಿಯವರೆಲ್ಲ ಸಮಾಧಾನ ಹೇಳಿದರು. ಹೇಳುವವರಿಗೇನು, ಅವರ ಗಂಟಲು ನೆಟ್ಟಗಿತ್ತು. ಮದುವೆಯಾಗಿ ಬಂದಾಗಿನಿಂದ ಗುಡಿಯ ಸೋಮವಾರದ ಭಜನೆಯಲ್ಲಿ ನುಡಿ ಎತ್ತುತ್ತಿದ್ದವಳು ಮಂಜವ್ವ. ಅವಳು ಎತ್ತಬೇಕು, ಉಳಿದ ಹೆಂಗಸರು ಹಿಡಿಯಬೇಕು. ಈಗ ಆ ಜಾಗದಲ್ಲಿ ಗುರುಸಿದ್ದವ್ವ ಕೂತಿದ್ದಳು. ಹಿಂದೆ ಕೂತು ತಾಳ ಕುಟ್ಟುವ ಮಂಜವ್ವನಿಗೆ ಹೊಟ್ಟೆ ಉರಿಯುತ್ತಿತ್ತು. ಆ ಜಾಗ ಅವಳಿಗೆ ಮತ್ತೆ ಬೇಕಿತ್ತು.

ಹಾಡಲಾಗದಿದ್ದರೆ ಹಾರ್ಮೋನಿಯಂ ಬಾರಿಸು ಎಂದರು ಭಜನೆಯವರು. ಒಂದು ಸೋಮವಾರ ಬಾರಿಸಿ ನೋಡಿ, ಪೆಟ್ಟಿಗೆಯನ್ನು ಅತ್ತ ಸರಿಸಿದಳು.

"ಇದರಾಗ ಸ್ವರ ಮೆಟ್ಟಲಾ ಹತ್ತಿ ಇಳಿತಾವು. ನನ್ನ ಹಾಡು ಜಾರಬೇಕು," ಎಂದು ಪಿಸುಗುಟ್ಟಿದಳು.

"ಕುಣಿಯಾಕ ಬಾರದಾಕಿ ನೆಲಾ ಡೊಂಕು ಅಂದ್ಳಂತ," ಎಂದಳು ಗುರುಸಿದ್ದವ್ವ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಅದೇ ವಾರ ಮಂಜವ್ವ ಮಗ್ಗದ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಮೊಮ್ಮಗಳು ರೋಜಾಳ ಆಟಿಕೆ ಪಿಯಾನೊ ಕೆಳಗೆ ಬಿದ್ದು ಬೆನ್ನಿನ ಮುಚ್ಚಳ ಕಿತ್ತುಹೋಗಿತ್ತು. ಅದರ ಒಂದು ಕೀ ಒತ್ತಿದಂತೆಯೇ ಸಿಕ್ಕಿಕೊಂಡು ಒಂದೇ ಸಮನೆ ಅರಚುತ್ತಿತ್ತು. ಬಾಯಿ ಮುಚ್ಚಿಸಲೆಂದು ಮಂಜವ್ವ ಗಂಜಿಯ ಕೈಯನ್ನೇ ಒಳಗೆ ಹಾಕಿದಳು. ಅರಚುವುದು ನಿಲ್ಲಲಿಲ್ಲ, ಮೆಲ್ಲಗೆ ಮೇಲಕ್ಕೆ ಜಾರಿತು. ಬೆರಳು ಸಡಿಲಿಸಿದರೆ ಕೆಳಗಿಳಿಯಿತು. ಭಜನೆಯಲ್ಲಿ "ಶಿವನೇ" ಎನ್ನುವಾಗ ಅವಳ ದನಿ ಜಾರುತ್ತಿದ್ದುದು ಹೀಗೆಯೇ. ಅವಳಿಗೆ ಅಳು ಬಂತು, ಅತ್ತಳು.

"ಅಜ್ಜಿ, ನನ್ನ ಪಿಯಾನೊ ಕೆಟ್ಟೋತು," ಎಂದಳು ರೋಜಾ.

"ಕೆಟ್ಟಿಲ್ಲಬೇ. ಈಗ ದಾರಿಗೆ ಬಂದೈತಿ."

ಬೆಳಗಾದದ್ದೇ ಪಿಯಾನೊ ಹಿಡಿದು ರೇಡಿಯೊ ರಿಪೇರಿಯ ಮರ್ದಾನಸಾಬನ ಅಂಗಡಿಗೆ ಹೋಗಿ, ಬೇಕೆಂದಾಗ ಸ್ವರ ಹೀಗೆ ಜಾರುವಂತೆ ಮಾಡಿಕೊಡು ಎಂದಳು. ಬ್ಯಾಟರಿ ಆಟಿಕೆ, ಶಾಕಿನ ಭಯವೇನಿಲ್ಲ, ಆದರೆ ಒಳಗೆ ಕೈಯಾಡಿಸಿದರೆ ಸುಟ್ಟುಹೋಗುತ್ತದೆ ಎಂದು ಅವನು ಎಚ್ಚರಿಸಿದ.

"ಸುಟ್ರ ಇನ್ನೊಂದು ತರತೀನಿ," ಎಂದಳು ಮಂಜವ್ವ.

ಅವನು ಅವಸರದಲ್ಲಿ ತಂತಿ ಬೆಸೆಯಹೋಗಿ ಅದು ಸುಟ್ಟೇ ಹೋಯಿತು. ಮಂಜವ್ವ ಮಲ್ಲಸಮುದ್ರದ ತಂಗಿಯ ಮನೆಗೆ ಹೋಗಿ, ಅಲ್ಲಿ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಅಂಥದ್ದೇ ಇನ್ನೊಂದನ್ನು ಹೊತ್ತು ತಂದಳು. ಈ ಸಲ ಮರ್ದಾನಸಾಬ ಅವಸರ ಮಾಡಲಿಲ್ಲ. ಒಳಗೆ ಎಲ್ಲಿ ಮುಟ್ಟಿದರೆ ಸ್ವರ ಜಾರುತ್ತದೆಂದು ಅವಳಿಂದಲೇ ಹುಡುಕಿಸಿ, ಸಿಕ್ಕ ಎರಡು ಕಡೆಗೂ ಒಂದೊಂದು ತಂತಿ ಬೆಸೆದು ಹೊರಗೆಳೆದು, ತುದಿಗೆ ತಾಮ್ರದ ಬಿಲ್ಲೆ ಕೂಡಿಸಿ ಮೇಲೆ ಅಂಟಿಸಿದ. ಬಲಗೈಯಲ್ಲಿ ಕೀ ಒತ್ತಿ, ಎಡಗೈಯ ಎರಡು ಬೆರಳನ್ನು ಬಿಲ್ಲೆಗಳ ಮೇಲಿಟ್ಟರೆ ಆಯಿತು, ಸ್ವರ ಹೇಳಿದಂತೆ ಕೇಳುತ್ತಿತ್ತು.

ಆಯಿತು ಎಂದೆ, ಆದರೆ ಅಷ್ಟು ಸುಲಭಕ್ಕೆ ಆಗಲಿಲ್ಲ. ಮೊದಮೊದಲು ಮನೆಯೊಳಗಿಂದ ಬೆಕ್ಕಿನ ಜಗಳವೇ ಕೇಳುತ್ತಿತ್ತು. ಗಂಡ ದೇವಪ್ಪ ಮಗ್ಗ ಬಿಟ್ಟು ಚಾದಂಗಡಿಯ ದಾರಿ ಹಿಡಿದ. ಬೆರಳು ಒಣಗಿದರೆ ಸ್ವರ ಅಲುಗುತ್ತಿರಲಿಲ್ಲ, ಅದಕ್ಕೆ ಮಂಜವ್ವ ಆಗಾಗ ಬೆರಳು ನೆಕ್ಕಿಕೊಂಡು ನುಡಿಸುವುದನ್ನು ರೂಢಿ ಮಾಡಿಕೊಂಡಳು. ಹಟ ಬಿಡಲಿಲ್ಲ. ಬೆಕ್ಕು ಕೊನೆಗೂ ಹಾಡತೊಡಗಿತು.

ಒಂದು ಸೋಮವಾರ ಅದನ್ನು ಗುಡಿಗೆ ತಂದಳು. ಗುಲಾಬಿ ಬಣ್ಣ, ಮೇಲೊಂದು ಮೊಲದ ಚಿತ್ರ. ನಗು ಎದ್ದಿತು. ಮಂಜವ್ವ ಯಾರ ಮುಖವನ್ನೂ ನೋಡದೆ ಗುರುಸಿದ್ದವ್ವನ ಪಕ್ಕದಲ್ಲೇ ಕೂತು ಮೊದಲ ನುಡಿ ನುಡಿಸಿದಳು. "ಶಿವನೇ" ಬರುವಲ್ಲಿ ಸ್ವರ ಏರಿ ಜಾರಿ ಇಳಿಯಿತು. ಹಳೆಯ ರೂಢಿಯಂತೆ, ಯೋಚಿಸುವ ಮೊದಲೇ, ಹೆಂಗಸರೆಲ್ಲ ಹಿಡಿದರು.

ಎರಡನೆಯ ನುಡಿಗೆ ಸ್ವರ ಕೋಲಿನಂತೆ ನಿಂತಿತು. ಮೇಲೆ ತಿರುಗುತ್ತಿದ್ದ ಫ್ಯಾನು ಬೆರಳು ಒಣಗಿಸಿತ್ತು. ಮಂಜವ್ವನ ಕೈ ರೂಢಿಯಂತೆ ಬಾಯಿಯತ್ತ ಹೋಗಿ ಅರ್ಧದಲ್ಲೇ ನಿಂತಿತು. ದೇವರೆದುರು ಎಂಜಲು ಬೆರಳೇ? ಮನೆಯಲ್ಲಿ ಇದು ಹೊಳೆದೇ ಇರಲಿಲ್ಲ. ತಾಳಗಳು ಒಂದೊಂದಾಗಿ ನಿಂತವು. ಎಲ್ಲ ಮುಗಿಯಿತು ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ನೆಲದ ಮೇಲೆ ಏನೋ ಸರಿದ ಸದ್ದಾಯಿತು. ಗುರುಸಿದ್ದವ್ವ ತನ್ನ ನೀರಿನ ತಂಬಿಗೆಯನ್ನು ಅವಳ ಮೊಣಕಾಲಿನವರೆಗೆ ನೂಕಿದ್ದಳು.

"ಬೆರಳು ತೋಯಿಸ್ಕೊ," ಎಂದಳು. "ನುಡಿ ಎತ್ತು. ಹಿಡಿಯಾಕ ನಾವು ಕುಂತೀವಿ."