ಸೇತುವೆಯ ಮೇಲೆ ಬಿದ್ದ ಇಪ್ಪತ್ತು

ನಾನು ಒಂದು ರಟ್ಟಿನ ಮರೆ. ಮೂರು ಮಡಿಕೆ, ಮೊಳದೆತ್ತರ. ಹುಟ್ಟಿದ್ದು ತುಮಕೂರಿನಲ್ಲಿ, ಬೈಂಡಿಂಗ್ ಮಾಡುವ ಸಿದ್ದಲಿಂಗಯ್ಯನವರ ಅಂಗಡಿಯಲ್ಲಿ. ಉಳಿದ ರಟ್ಟಿಗೆ ಹಸಿರು ಬಟ್ಟೆ ಅಂಟಿಸಿ ಬಿಸಿಲಿಗಿಟ್ಟು, "ಇದು ಯಾತಕ್ಕೆ ಮೇಷ್ಟ್ರೇ?" ಎಂದು ಕೇಳಿದರು. "ಆಟಕ್ಕೆ" ಎಂದ ಪ್ರಹ್ಲಾದ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನ ಬಾಯಲ್ಲಿ ಆಟ ಎಂಬ ಮಾತು ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟಿದ ದಿನವೇ ನಗೆಪಾಟಲಾದೆ.

ಭಾನುವಾರ ಊಟವಾದ ಮೇಲೆ ಪ್ರಹ್ಲಾದನ ಮನೆಯಲ್ಲಿ ನಾಲ್ಕು ಜನ ಸೇರುತ್ತಿದ್ದರು. ಕಾಡು, ಕೋಟೆ, ಕಳ್ಳರ ಕಥೆ ಕಟ್ಟುವವನು ಪ್ರಹ್ಲಾದ. ಉಳಿದವರು ಒಂದೊಂದು ಪಾತ್ರವಾಗಿ, ಈಗ ನಾನು ಹೀಗೆ ಮಾಡುತ್ತೇನೆ ಎಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತಿತ್ತು. ಇಡೀ ತಂಡಕ್ಕೆ ಇದ್ದದ್ದು ಒಂದೇ ದಾಳ, ಅದೂ ಹೊತ್ತುಹೊತ್ತಿಗೆ ಉರುಳಿ ದಿವಾನದ ಕೆಳಗೆ ಸೇರಿಕೊಳ್ಳುತ್ತಿತ್ತು. ಅದನ್ನು ತಡೆಯಲೆಂದೇ ನನ್ನನ್ನು ಮಾಡಿಸಿದ್ದು. ಎಲ್ಲರ ದಾಳವನ್ನೂ ಪ್ರಹ್ಲಾದನೇ ನನ್ನ ಹಿಂದೆ ಉರುಳಿಸಿ, ಬಿದ್ದ ಸಂಖ್ಯೆಯನ್ನು ಕೂಗಿ ಹೇಳುತ್ತಿದ್ದ.

ವಸುಮತಿಗೆ ಚಿಕ್ಕಂದಿನಲ್ಲೇ ಪೋಲಿಯೋ ತಗುಲಿ ಬಲಗಾಲು ಸೊರಗಿತ್ತು. ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಆಟದಲ್ಲಿ ಅವಳು ಓಲೆ ಹೊತ್ತು ಓಡುವ ಬೊಮ್ಮಕ್ಕ. ಊರುಗೋಲನ್ನು ಗೋಡೆಗೆ ಒರಗಿಸಿ ಕೂತಳೆಂದರೆ ಮುಗಿಯಿತು, ಬೊಮ್ಮಕ್ಕನನ್ನು ಹಿಡಿಯುವವರು ಯಾರೂ ಇಲ್ಲ! ಅವಳು ಬಾರದ ಭಾನುವಾರ ನನಗೂ ಬೇಸರವಾಗುತ್ತಿತ್ತು.

ಮೊದಲ ಸುಳ್ಳು ನನಗೆ ಚೆನ್ನಾಗಿ ನೆನಪಿದೆ. ಕನ್ನಡಕದ ಅಂಗಡಿಯ ಇಮ್ರಾನನ ಪಾತ್ರ ಬಾವಿಗೆ ಬೀಳುವುದರಲ್ಲಿತ್ತು. ದಾಳ ಎರಡು ಎಂದಿತು, ಪ್ರಹ್ಲಾದ ಹದಿಮೂರು ಎಂದ. ಇಮ್ರಾನ್ ಕುರ್ಚಿಯಲ್ಲೇ ಕುಣಿದಾಡಿದ. ಕಥೆ ಅರ್ಧಕ್ಕೇ ನಿಂತುಹೋದೀತೆಂಬ ಭಯ ಪ್ರಹ್ಲಾದನಿಗೆ. ಆಮೇಲೆ ಅದೇ ರೂಢಿಯಾಯಿತು. ಯಾರ ಮುಖ ಬಾಡಿದರೂ ಅವನಿಗೆ ತಡೆಯಲಾಗುತ್ತಿರಲಿಲ್ಲ, ಬಾಯಲ್ಲಿ ಬೇರೆ ಸಂಖ್ಯೆ ಬರುತ್ತಿತ್ತು. ನಾನು ಹೇಳಿಕೇಳಿ ಮರೆ, ಮುಚ್ಚಿಟ್ಟೆ.

ಸೇತುವೆಯ ಭಾನುವಾರವೊಂದು ಮಾತ್ರ ಬೇರೆ. ಕಥೆಯಲ್ಲಿ ಹಗ್ಗದ ಸೇತುವೆ ಹರಿದುಬೀಳುವುದರಲ್ಲಿತ್ತು. ಐದು ಮಕ್ಕಳನ್ನು ದಾಟಿಸಿ ಬೊಮ್ಮಕ್ಕ ಕೊನೆಗೆ ಉಳಿದಳು. "ಇಪ್ಪತ್ತೇ ಬೀಳ್ಬೇಕು ವಸು. ಬೇಡ, ವಾಪಸ್ ಬಾ" ಎಂದ ಪ್ರಹ್ಲಾದ. "ಹಾರ್ತೀನಿ, ಹಾಕು" ಎಂದಳು. ದಾಳ ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಇಪ್ಪತ್ತು. ನಿಜವಾದ ಇಪ್ಪತ್ತು! ಪ್ರಹ್ಲಾದ ಕೂಗಿ ಹೇಳಿದ. ಸಂಖ್ಯೆ ಕೇಳಿ ವಸುಮತಿ ಊರುಗೋಲು ಮರೆತು ಎದ್ದು ನಿಂತುಬಿಟ್ಟಳು, ಮೇಜು ಹಿಡಿದುಕೊಂಡು ಅತ್ತಳು. ಆಫೀಸಿನಲ್ಲಿ ಕೂಡ ಎಲ್ಲರಿಗೂ ಹೇಳಿಕೊಂಡು ಬಂದಳಂತೆ.

ಆಮೇಲೆ ಆದದ್ದಕ್ಕೆ ನಾನೇ ಕಾರಣ. ವರ್ಷಗಟ್ಟಲೆ ಚಹಾ ಚೆಲ್ಲಿ ನನ್ನ ಎಡಮಡಿಕೆ ಮೆತ್ತಗಾಗಿತ್ತು. ಒಂದು ಮಧ್ಯಾಹ್ನ ಪ್ರಹ್ಲಾದ "ಹದಿನೇಳು, ಬೊಮ್ಮಕ್ಕ ಬಚಾವ್" ಎಂದ. ಫ್ಯಾನಿನ ಗಾಳಿಗೆ ನಾನು ಮಗುಚಿಬಿದ್ದೆ. ಎಲ್ಲರ ಕಣ್ಣೆದುರು ದಾಳ ಕೂತಿತ್ತು. ನಾಲ್ಕು.

"ಎಷ್ಟು ದಿನದಿಂದ ಹೀಗೆ?" ವಸುಮತಿ ಕೇಳಿದಳು.

"ಎಲ್ಲರಿಗೂ ಮಾಡಿದ್ದೀನಿ ವಸು. ಕಥೆ ನಿಲ್ಲಬಾರ್ದು ಅಂತ."

"ಸ್ಕೂಲಲ್ಲಿ ನಾನು ಔಟಾದ್ರೂ ಔಟಿಲ್ಲ ಅಂತಿದ್ರು, ಪಾಪ ಅಂತ. ಇಲ್ಲಿ ಒಂದ್ ಕಡೆ ನಾನೇ ಗೆಲ್ತಿದೀನಿ ಅಂದ್ಕೊಂಡಿದ್ದೆ ಕಣೋ." ಊರುಗೋಲು ತೆಗೆದುಕೊಂಡಳು. ಬಾಗಿಲಲ್ಲಿ ನಿಂತು, "ಸೇತುವೆ?" ಎಂದಳು.

"ಅದು ನಿಜ. ಅಮ್ಮನಾಣೆ."

"ಹದಿನೇಳನ್ನೂ ಹೀಗೇ ಹೇಳ್ದೆ" ಎಂದು ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ.

ಮುಂದಿನ ವಾರದಿಂದ ಪ್ರಹ್ಲಾದ ನನ್ನನ್ನು ಮಡಿಸಿಟ್ಟು ದಾಳವನ್ನು ಬಯಲಲ್ಲೇ ಉರುಳಿಸಿದ. ಯಾರ ಪಾತ್ರ ಸತ್ತರೂ ಕೈ ಅಡ್ಡ ಮಾಡಲಿಲ್ಲ. ನಿಯಮವೇನೋ ಉಳಿಯಿತು, ಕಥೆ ಹೇಳುವ ದನಿ ಮಾತ್ರ ಸತ್ತುಹೋಗಿತ್ತು. ಮೂರು ತಿಂಗಳಲ್ಲಿ ತಂಡ ಚದುರಿತು. ವಸುಮತಿಯ ಕುರ್ಚಿಯನ್ನು ಅವನು ಕೊನೆಯವರೆಗೂ ಮೇಜಿನ ಬಳಿಯಿಂದ ತೆಗೆಯಲಿಲ್ಲ. ನನ್ನನ್ನು ಕಂಡರಾಗದೆ ಇಮ್ರಾನನಿಗೆ ಕೊಟ್ಟುಬಿಟ್ಟ.

ಇಮ್ರಾನನ ಅಂಗಡಿಯಲ್ಲಿ ನನಗೆ ಕನ್ನಡಕದ ಫ್ರೇಮುಗಳನ್ನು ತೂಗುಹಾಕುವ ಕೆಲಸ. ಹದಿನಾಲ್ಕು ವರ್ಷವಾಯಿತು. ಬಟ್ಟೆಯ ಹಸಿರು ಮಾಸಿದೆ, ಅಂಚುಗಳನ್ನು ಇಲಿ ಕಡಿದಿದೆ.

ವರ್ಗವಾಗಿ ಊರು ಬಿಟ್ಟಿದ್ದ ವಸುಮತಿ ಮೊನ್ನೆ ಬಂದಳು. ತಲೆ ಅರ್ಧ ನೆರೆತಿತ್ತು. ಓದುವ ಕನ್ನಡಕ ಬೇಕಿತ್ತು. ಫ್ರೇಮು ಆರಿಸುತ್ತಾ ಆರಿಸುತ್ತಾ ಅವಳ ಕೈ ನನ್ನ ಮೇಲೆ ನಿಂತಿತು.

"ಇದು ಅವನದ್ದಲ್ವಾ?"

"ಹೂಂ. ಪ್ರಹ್ಲಾದ ಹೋಗಿ ಎರಡು ವರ್ಷ ಆಯ್ತು, ನಿಂಗೊತ್ತಿಲ್ವಾ? ಆಸ್ಪತ್ರೆಯಲ್ಲೂ ಅದೇ ಮಾತು, ಸೇತುವೆ ನಿಜ ಕಣೋ, ಅವಳಿಗೆ ಹೇಳು ಅಂತ."

ಅವಳು ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟಳು. "ನೀನು ಕಣ್ಣಾರೆ ನೋಡಿದ್ಯಾ ಇಮ್ರಾನ್?"

ಇಮ್ರಾನ್ ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದವನು ನನ್ನ ಕಡೆ ನೋಡಿ ತಲೆ ತಗ್ಗಿಸಿದ. "ಇಲ್ಲ ವಸು. ನಾವೆಲ್ಲ ಈ ಕಡೆ ಕೂತಿದ್ವಲ್ಲ."

ವಸುಮತಿ ನನ್ನ ಹಸಿರು ಬಟ್ಟೆಯನ್ನು ಒಮ್ಮೆ ಸವರಿದಳು. ನನ್ನನ್ನು ತಿರುಗಿಸಿ ಹಿಂದುಗಡೆ ನೋಡಿದಳು. ಬರೀ ರಟ್ಟು, ಚಹಾದ ಕಲೆ, ಇನ್ನೇನಿದೆ ಅಲ್ಲಿ? ಕನ್ನಡಕ ಕಟ್ಟಿಸಿಕೊಂಡು, ಊರುಗೋಲು ಊರುತ್ತಾ ರಸ್ತೆಗಿಳಿದಳು.

ಆ ಕಡೆ ಇದ್ದವರು ಇಬ್ಬರೇ. ಒಬ್ಬ ತೀರಿಕೊಂಡ, ಇನ್ನೊಬ್ಬನಿಗೆ ಬಾಯಿಲ್ಲ. ಬೇಕಾದಷ್ಟು ಸುಳ್ಳುಗಳನ್ನು ಮುಚ್ಚಿಟ್ಟವನು ನಾನು. ಅವುಗಳ ಜೊತೆ ಒಂದು ನಿಜವೂ ನನ್ನಲ್ಲೇ ಉಳಿದುಹೋಯಿತು. ಇಪ್ಪತ್ತೇ ಬಿದ್ದಿತ್ತು ತಾಯಿ, ನಾನು ನೋಡಿದ್ದೇನೆ. ನೀನೇ ಹಾರಿದ್ದು.