ಮುಂದಿನ ಸೈಕಲ್ಲು

ಕಿರುಬೆರಳು ಇಲ್ಲ, ಅದರ ಪಕ್ಕದ್ದೂ ಇಲ್ಲ, ಇವೆ, ಕಣ್ಣಿಗೆ ಕಾಣುತ್ತವೆ, ಹ್ಯಾಂಡಲ್ಲಿನ ಕಪ್ಪು ರಬ್ಬರಿನ ಮೇಲೆ ಯಾರದೋ ಬೆರಳು ತಂದಿಟ್ಟ ಹಾಗೆ ಕೂತಿವೆ, ಬೆಳಗಿನಿಂದ ಹಿಡಿದ ಜೋಮು ಬಿಟ್ಟಿಲ್ಲ, ಚಂದ್ರಮೋಹನ ಬಲಗೈಯನ್ನು ತೊಡೆಗೆ ಬಡಿದುಕೊಂಡ, ತೊಡೆಗೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ, ನೆರಳು ಬಂತು, ಬಿಸಿಲು ಬಂತು, ಮತ್ತೆ ನೆರಳು, ದಾರಿಯುದ್ದಕ್ಕೂ ಕವಾಯತಿಗೆ ನಿಂತಂಥ ಎತ್ತರದ ಮರಗಳು, ಎಡಕ್ಕೆ ಫ್ರಾನ್ಸಿನ ಲ್ವಾರ್ ನದಿ, ನದಿ ಅಂದರೆ ಮರಳ ದಿಬ್ಬಗಳ ಮಧ್ಯೆ ಅವಸರವೇ ಇಲ್ಲದ ನೀರು, ಬಲಕ್ಕೆ ದ್ರಾಕ್ಷಿ ತೋಟ, ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲು, ಎಷ್ಟು ದಿನದಿಂದ ಇದೇ, ಚೆನ್ನಾಗಿದೆ, ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ಅಷ್ಟೇ — ಮುಂದೆ ಕೂಗಳತೆಯಲ್ಲಿ ಕುಮುದಾಳ ಬೆನ್ನು, ಕಿತ್ತಳೆ ಬಣ್ಣದ ಅಂಗಿ, ಹೆಲ್ಮೆಟ್ಟಿನ ಕೆಳಗೆ ಇಣುಕುವ ಮೋಟು ಜಡೆ, ನಿನ್ನೆ ತೊಳೆದ ಕೈಗವಸು ಒಣಗಲಿಲ್ಲವೆಂದು ಹಿಂದಿನ ಚೀಲಕ್ಕೆ ಸಿಕ್ಕಿಸಿದ್ದಾಳೆ, ಅವು ಎರಡು ಸಣ್ಣ ಕೈಗಳ ಹಾಗೆ ಗಾಳಿಗೆ ಬಡಿದುಕೊಳ್ಳುತ್ತಿವೆ, ಹೆಂಡತಿಯ ಬೆನ್ನನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು, ಮದುವೆಯಾದಾಗಿನಿಂದ ಅವಳೇ ಇವನ ಬೆನ್ನು ನೋಡಿಕೊಂಡು ಬಂದವಳು, ಏರ್‌ಪೋರ್ಟಿನಲ್ಲಿ, ದೇವಸ್ಥಾನದಲ್ಲಿ, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಅಂಗಡಿಯಲ್ಲಿ ಗಾಡಿ ತಳ್ಳಿಕೊಂಡು, ಬಾರೇ ಬೇಗ, ಮೆರವಣಿಗೆ ಹೊರಟಿದೀಯಾ, ಹೊಸದಾಗಿ ಮದುವೆಯಾದಾಗ ನಾಗಮಂಗಲದ ಟಾಕೀಸಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಿಗೆ ಕೂರಿಸಿಕೊಂಡು ಹೋದಾಗಲೂ ಅವಳು ಇವನ ಸೊಂಟ ಹಿಡಿಯಲಿಲ್ಲ, ಸೀಟಿನ ಕೆಳಗಿನ ಸ್ಪ್ರಿಂಗ್ ಹಿಡಿದುಕೊಂಡಿದ್ದಳು, ಹಳ್ಳಕ್ಕೆ ಇಳಿದಾಗ ಬೆರಳು ಸಿಕ್ಕಿ ನೀಲಿಗಟ್ಟಿತು, ಇಳಿಯುವ ತನಕ ಉಸಿರೆತ್ತಲಿಲ್ಲ, ಹೇಳಬಾರ್ದೇನೇ ಪೆದ್ದಮುಂಡೇದೆ ಅಂದಿದ್ದ, ಅದು ಪ್ರೀತಿಯೇ, ಅಲ್ಲದೆ ಇನ್ನೇನು, ಈಗ ಬೆನ್ನ ಹಿಂದಿನ ಜೇಬಿನಲ್ಲಿ ಅವಳ ಚಿನ್ನದ ಬಳೆ ಒತ್ತುತ್ತಿದೆ, ಪೆಡಲ್ ತುಳಿದಾಗಲೆಲ್ಲ ಒತ್ತುತ್ತದೆ, ಬೆಳಿಗ್ಗೆ ಕೈತೊಳೆಯುವ ತೊಟ್ಟಿಯ ಪಕ್ಕದಲ್ಲಿ ಇತ್ತು, ಅವಳು ಆಗಲೇ ಕೆಳಗೆ ಸೈಕಲ್ಲಿನ ಹತ್ತಿರ ಹೋಗಿದ್ದಳು, ಮರೆತಳೋ ಬಿಟ್ಟಳೋ, ಕೇಳಿದರೆ ಆಯಿತು, ಕೂಗಳತೆಯಲ್ಲೇ ಇದ್ದಾಳೆ, ಕೂಗಬೇಕಷ್ಟೆ.

ಈ ದಾರಿಗೆ ಕಾರು ಬಿಡುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ, ಮಗಳು ಮಾಯಾ ಆಸ್ಟಿನ್ನಿನಿಂದ ಫೋನಿನಲ್ಲಿ ಹೇಳಿದ್ದಳು, ನೋ ಟ್ರಾಫಿಕ್ ಅಪ್ಪ, ಜಸ್ಟ್ ಯೂ ಅಂಡ್ ಅಮ್ಮ ಅಂಡ್ ದ ರಿವರ್, ಯೂ ವೋಂಟ್ ಹ್ಯಾವ್ ಎನಿವನ್ ಟು ಯೆಲ್ ಅಟ್, ತಮಾಷೆಗೆ ಅಂದದ್ದು, ನಿಜವೇ, ಹೈವೇ ಸಿಕ್ಸ್‌ನಲ್ಲಿ ಆಫೀಸಿಗೆ ಹೋಗಿಬರುವಾಗ ಎಷ್ಟು ಜನ ಸಿಗುತ್ತಿದ್ದರು, ಅಡ್ಡ ಬಂದವನು, ಸಿಗ್ನಲ್ ಹಾಕದೆ ತಿರುಗಿದವನು, ಹಸಿರು ಬಂದರೂ ಫೋನ್ ನೋಡುತ್ತ ನಿಂತವನು, ಕಿಟಕಿ ಮುಚ್ಚಿಕೊಂಡು ಊರ ಭಾಷೆಯಲ್ಲಿ ಬೈದರೆ ಮನೆ ಸೇರುವಷ್ಟರಲ್ಲಿ ಎದೆ ಹಗುರ, ಇಲ್ಲಿ ಬೈಯಲು ಒಂದು ಕಾರೂ ಇಲ್ಲ, ಎದುರಿಗೆ ಬರುವ ಮುದುಕರು ಬೋಂಜೂರ್ ಅನ್ನುತ್ತಾರೆ, ಹಾಳಾಗಿ ಹೋಗಿ ಅಂದರೂ ಬೋಂಜೂರ್ — ಕುಮುದಾ ಸೈಕಲ್ ಕಲಿತದ್ದು ಹೋದ ವರ್ಷ, ಪಕ್ಕದ ಮನೆಯ ಮೀರಾ ಕಲಿಸಿದಳು, ಶನಿವಾರ ಬೆಳಿಗ್ಗೆ ಖಾಲಿ ಇರುವ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ, ಹ್ಯೂಸ್ಟನ್ನಿನ ಆ ಬೇಯುವ ಸೆಕೆಯಲ್ಲಿ, ಇವನು ಕಾರಿನ ಏಸಿಯಲ್ಲಿ ಕೂತು ನೋಡಿದ, ಈ ವಯಸ್ಸಲ್ಲಿ ಮೂಳೆ ಮುರ್ಕೊಂಡ್ರೆ ಮಾಡೋರು ಯಾರೇ ಅಂದ, ಅವಳು ಬಿದ್ದಳು, ಎದ್ದಳು, ಮಂಡಿ ಒರೆಸಿಕೊಂಡಳು, ಮೀರಾ ಹೇಳಿಕೊಟ್ಟಿದ್ದು ಒಂದನ್ನೂ ಬಿಡಲಿಲ್ಲ, ಆಂಟಿ, ತಿರುಗೋ ಮುಂಚೆ ಕೈ ತೋರಿಸ್ಬೇಕು, ಹಿಂದೆ ಬರೋರಿಗೆ ಗೊತ್ತಾಗ್ಬೇಕಲ್ಲ, ಅವತ್ತಿನಿಂದ ಎಲ್ಲಿ ತಿರುಗಿದರೂ ಕೈ, ಮನೆ ಹತ್ತಿರದ ಬಯೂ ಹಳ್ಳದ ಪಕ್ಕದ ದಾರಿಯಲ್ಲಿ ಕೈ, ಇಲ್ಲಿ ಈ ನರಪಿಳ್ಳೆ ಇಲ್ಲದ ನದಿಯ ದಂಡೆಯಲ್ಲೂ ನೆಟ್ಟಗೆ ಚಾಚಿದ ಕೈ, ಅಂಗೈ ಬಿಚ್ಚಿ, ಯಾರಿಗೇ ತೋರಿಸ್ತೀಯ, ದ್ರಾಕ್ಷಿಗಾ ಅಂತ ಮೊದಲ ದಿನ ಕೂಗಿದ್ದ, ಅವಳು ತಿರುಗಿ ನೋಡಲಿಲ್ಲ, ನಿಮಗೆ ಅಂದಳು, ಗಾಳಿಯಲ್ಲಿ ಸರಿಯಾಗಿ ಕೇಳಿಸಿತು, ನಿಮಗೆ.

ಬೈಯುವುದು ಒಂದು ಕಸುಬು, ಊರಲ್ಲಾದರೆ ಬೀದಿಗೆ ನಿಂತು ಬೈಯಬಹುದು, ಟೆಕ್ಸಸ್ಸಿನಲ್ಲಿ ಗಂಟಲು ಏರಿಸಿದರೆ ಪೊಲೀಸಿನವರಿಗೆ ಫೋನು ಹೋಗುತ್ತದೆ, ಅದಕ್ಕೇ ಬಂದ ಹೊಸದರಲ್ಲೇ ಕಲಿತುಬಿಟ್ಟ, ದನಿ ತಗ್ಗಿಸಿ, ಮುಖದ ತುಂಬ ನಗು ಇಟ್ಟುಕೊಂಡು, ಕನ್ನಡದಲ್ಲಿ, ಬಿಲ್ಲು ಹಾಕುವ ಹುಡುಗಿ ಏನೋ ಒಲವಿನ ಮಾತು ಅಂದುಕೊಂಡು ತಾನೂ ನಗುತ್ತಾಳೆ, ಆಫೀಸಿನ ಪಾರ್ಟಿಯಲ್ಲಿ ಒಬ್ಬಳು ಬಿಳಿಯ ಹೆಂಗಸು ನಿಮ್ಮ ಭಾಷೆ ಎಷ್ಟು ಇಂಪು ಅಂದಳು, ಆಗ ತಾನೇ ಕುಮುದಾಳನ್ನು ಕತ್ತೆ ಅಂದಿದ್ದ, ಹೀಗೇ ಮಾಯಾ ಹುಟ್ಟಿದಳು, ಬೆಳೆದಳು, ಅವಳಿಗೆ ಬರುವ ಕನ್ನಡವೆಲ್ಲ ಆ ನಗುವಿನ ಒಳಗಿನದು, ಅರ್ಥ ಆಗುತ್ತದೆ, ಬಾಯಿ ತೆರೆದರೆ ಇಂಗ್ಲಿಷು — ನಿನ್ನೆ ಆ ಬಿಳಿಗಲ್ಲಿನ ಗುಹೆ, ಒಳಗೆ ತಣ್ಣಗೆ ನೆಲಮಾಳಿಗೆಯ ವಾಸನೆ, ಪೀಪಾಯಿ ಸಾಲು, ತೋಟದ ಹೆಂಗಸು ಸಣ್ಣ ಸಣ್ಣ ಗಾಜಿನ ಲೋಟಕ್ಕೆ ವೈನು ಹೊಯ್ದು ಎಲ್ಲರಿಗೂ ಕೊಟ್ಟಳು, ಕುಮುದಾ ತೆಗೆದುಕೊಂಡಳು, ಮೂಸಿದಳು, ಒಂದು ಗುಟುಕು ಕುಡಿದಳು, ಕಣ್ಣು ಮುಚ್ಚಿ, ಆ ಕಣ್ಣು ಮುಚ್ಚಿದ್ದನ್ನು ನೋಡಲಾಗಲಿಲ್ಲ, ನಗುನಗುತ್ತ ಅಂದ, ಇಡೇ ಕೆಳಗೆ, ನಾಚಿಕೆಗೆಟ್ಟೋಳೆ, ನಿಮ್ಮಪ್ಪ ಕುಡಿಸಿ ಬೆಳೆಸಿದ್ನೇನೇ ನಿನ್ನ, ಪಕ್ಕದಲ್ಲಿ ಬೆನ್ನು ಮಾಡಿ ನಿಂತಿದ್ದ ಗಿಡ್ಡ ಹೆಂಗಸು, ಜೀನ್ಸು, ಕತ್ತರಿಸಿದ ನರೆಗೂದಲು, ಮೆಕ್ಸಿಕೋದವಳು ಅಂದುಕೊಂಡಿದ್ದ, ತಿರುಗಿದಳು, ಏನ್ರಿ ಯಜಮಾನ್ರ, ನಕ್ಕೋತ ಎಷ್ಟ್ ಚಂದ ಬೈತೀರಿ, ಬೈಯೋದಿದ್ರ ಬೈರಿ, ನಗೋದಿದ್ರ ನಗ್ರಿ, ಎರಡೂ ಕೂಡೇ ಯಾಕ ಮಾಡ್ತೀರಿ, ಅವಳ ಗಂಡ ತೋಳು ಜಗ್ಗಿದ, ಏ ಗೋದಾವರಿ, ಸುಮ್ನಿರು, ಗಂಡಾ ಹೆಂಡ್ತಿ ನಡುವ ನಿಂದೇನ, ಆಮೇಲೆ ಇವನ ಕಡೆ ಕೈ ಚಾಚಿ, ತಪ್ಪು ತಿಳ್ಕೋಬ್ಯಾಡ್ರಿ, ನಾನು ಸುಧೀಂದ್ರ, ನಮ್ದು ಗದಗ, ಈಗ ಡಲ್ಲಾಸ್ ಹತ್ರ ಲಿಟಲ್ ಎಲ್ಮ್‌ನಾಗ ಇರ್ತೀವಿ, ನಿಮ್ದು — ಇವನ ಮುಖದ ಮೇಲಿನ ನಗು ಇನ್ನೂ ಹಾಗೇ ಅಂಟಿಕೊಂಡಿತ್ತು, ತೆಗೆಯುವುದು ಹೇಗೆಂದು ತಿಳಿಯದೆ, ಗೋದಾವರಿ ಕುಮುದಾಳನ್ನು ಕೇಳಿದಳು, ದಿನಾ ಹಿಂಗನಾ ತಂಗಿ, ಸಾವಿರ ಸಲ ಯಾರು ಕೇಳಿದರೂ ಇಲ್ಲಪ್ಪ, ಅವರ ಬಾಯಿ ಹಾಗೆ, ಮನಸ್ಸು ಒಳ್ಳೇದು ಅನ್ನುತ್ತಿದ್ದವಳು, ಲೋಟದಲ್ಲಿ ಉಳಿದದ್ದನ್ನು ಮುಗಿಸಿದಳು, ಲೋಟವನ್ನು ಪೀಪಾಯಿಯ ಮೇಲೆ ಸದ್ದಾಗದಂತೆ ಇಟ್ಟಳು, ಹೂಂ ಅಕ್ಕ, ದಿನಾ ಅಂದಳು.

ಆ ಗದಗಿನವಳದೇ ಕಿತಾಪತಿ ಅಂದುಕೊಳ್ಳಲು ನೋಡಿದ, ಅವಳು ಬಾಯಿ ಹಾಕದಿದ್ದರೆ ಎಲ್ಲ ಸರಿ ಇರುತ್ತಿತ್ತು ಅಂತ, ನಿಲ್ಲುವುದಿಲ್ಲ ಆ ಮಾತು, ನಿನ್ನೆ ಸಂಜೆ ರೂಮಿನಲ್ಲಿ ಕುಮುದಾ ಕೈಗವಸು ತೊಳೆಯುತ್ತಿದ್ದಳು, ಬೆನ್ನು ಈ ಕಡೆಗೆ, ನೀರು ನಿಲ್ಲಿಸದೆಯೇ ಹೇಳಿದಳು, ಪ್ಯಾರಿಸ್‌ನಿಂದ ನಾನು ಆಸ್ಟಿನ್‌ಗೆ ಹೋಗ್ತೀನಿ, ಮಾಯಾ ಟಿಕೆಟ್ ಮಾಡಿದಾಳೆ, ನೀವು ಹ್ಯೂಸ್ಟನ್‌ಗೆ ಹೋಗಿ, ಎಷ್ಟು ದಿನಕ್ಕೆ, ದಿನಕ್ಕಲ್ಲ, ಅಲ್ಲೇ ಇರ್ತೀನಿ, ನಲ್ಲಿ ನಿಂತಿತು, ಹಿಂಡಿದಳು, ಫ್ರೀಜರ್‌ನಲ್ಲಿ ಹುಳಿ ಇದೆ, ಚಪಾತಿ ಇದೆ, ಮೇಲಿನ ಶೆಲ್ಫಲ್ಲಿ ಬಸ್ಸಾರು, ತಿಂಗಳಿಗೆ ಸಾಕು, ಆಮೇಲೆ ಮೀರಾ ಅಡಿಗೆಯವರ ನಂಬರ್ ಕೊಡ್ತಾಳೆ — ಫ್ರೀಜರ್, ಹೊರಡುವ ಹಿಂದಿನ ವಾರವೆಲ್ಲ ಬೇಯಿಸಿದಳಲ್ಲ, ಮನೆಯೆಲ್ಲ ಒಗ್ಗರಣೆ ವಾಸನೆ, ಡಬ್ಬಿ ಮೇಲೆ ಡಬ್ಬಿ, ನಾವಿಬ್ರೂ ಊರಲ್ಲಿರಲ್ಲ, ಯಾರ ಮದ್ವೆಗೇ ಇದು ಅಂದಿದ್ದ, ಬಂದ ಮೇಲೆ ಬೇಕಾಗತ್ತೆ ಅಂದಿದ್ದಳು, ಹೌದು, ಬೇಕಾಗುತ್ತದೆ, ಹಾಗಾದರೆ ಗುಹೆಯಲ್ಲಿ ಆದದ್ದಲ್ಲ, ಅದಕ್ಕೆ ಮೊದಲೇ, ಸೈಕಲ್ ಹತ್ತುವುದಕ್ಕೆ ಮೊದಲೇ, ಹಾಗಾದ್ರೆ ಇಲ್ಲೀತನಕ ಯಾಕ್ ಬಂದೆ ಅಂದ, ನೋಡೋಣ ಅಂದ್ಕೊಂಡಿದ್ದೆ ಅಂದಳು, ಏನು ನೋಡೋಣ, ಟವೆಲ್ಲಿನಿಂದ ಕೈ ಒರೆಸಿಕೊಂಡಳು, ಏನಿಲ್ಲ, ಯಾರೂ ಇಲ್ಲದ ಕಡೆ ಹೇಗಿರ್ತೀರಿ ಅಂತ, ಅಷ್ಟೇ, ಅಳಲಿಲ್ಲ, ಕೂಗಲಿಲ್ಲ, ಕೂಗಿದ್ದರೆ ಇವನಿಗೆ ದಾರಿ ಗೊತ್ತಿತ್ತು, ಎದ್ದು ನಿಂತ, ಈಗ ಬರುತ್ತದೆ ಕೋಪ ಎಂದು ಕಾದ, ಕಾಲಿನಿಂದ ಏರಿ ಕಿವಿಗೆ ಬರುವ ಬಿಸಿ, ಅದರ ದಾರಿ ಇವನಿಗೆ ಬಾಯಿಪಾಠ, ಬರಲಿಲ್ಲ, ಕೆಳಗೆ ಯಾರೋ ತಟ್ಟೆ ಜೋಡಿಸುತ್ತಿದ್ದರು, ಕೂತುಕೊಂಡ, ಶೂಸಿನ ದಾರ ಬಿಚ್ಚಿದ, ಆಗಲೇ ಇರಬೇಕು ಬೆರಳಿನ ಜೋಮು ಶುರುವಾದದ್ದು, ಅಥವಾ ಬೆಳಿಗ್ಗೆ, ಅಥವಾ ಯಾವತ್ತಿನದೋ.

ಮಧ್ಯಾಹ್ನ ಒಂದು ಬೆಂಚಿನ ಮೇಲೆ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ಅವಳು ಮೊದಲು ತಿಂದಳು, ಇವನದನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಇವನು ಬರುವುದನ್ನು ಕಾಯದೆ, ಮನೆಯಲ್ಲಿ ಇವನ ಊಟ ಮುಗಿಯುವ ತನಕ ತಟ್ಟೆ ಮುಟ್ಟದವಳು, ಇವನೂ ತಿಂದ, ಖಾರ ಗೊತ್ತಾಗಲಿಲ್ಲ, ಬಳೆಯ ಮಾತು ನಾಲಿಗೆಯ ತುದಿಯಲ್ಲಿತ್ತು, ಬಿಟ್ ಬಂದಿದೀಯಲ್ಲ ಕಣ್ ಕಾಣಲ್ವಾ, ಅಲ್ಲ, ಹಾಗಲ್ಲ, ಚಿನ್ನ ಏನ್ ಬೀದೀಲಿ ಬಿದ್ದಿದೆಯಾ, ಅಲ್ಲ, ಬೇರೆ ಥರ, ಬೇರೆ ಥರ ಹೇಗೆ, ಹೆಕ್ಕಿ ನೋಡಿದ, ಬಾಯಲ್ಲಿರುವ ಮಾತೆಲ್ಲ ಒಂದೇ ಗೂಡಿನವು, ಅವಳು ಹೆಲ್ಮೆಟ್ಟು ಹಾಕಿ ಹೊರಟಾಗಿತ್ತು — ಮರಗಳು ಮುಗಿದವು, ಬಿಸಿಲು, ದೂರದಲ್ಲಿ ಆಂಜೆ ಊರಿನ ಕಲ್ಲು ಚಾವಣಿಗಳು, ಅಲ್ಲಿ ರೈಲು, ರೈಲಿನ ಆಚೆ ಪ್ಯಾರಿಸ್ಸು, ಎರಡು ವಿಮಾನ, ಎದುರಿಗೆ ಸೇತುವೆ, ಸೇತುವೆಗೆ ಮೊದಲು ದಾರಿ ಕವಲಾಗುತ್ತದೆ, ನೆಟ್ಟಗೆ ಹೋದರೆ ನದಿಯ ಪಕ್ಕದಲ್ಲೇ ಇನ್ನೂ ಎಷ್ಟು ದೂರವೋ, ಎಡಕ್ಕೆ ತಿರುಗಿ ಸೇತುವೆ ದಾಟಿದರೆ ಸ್ಟೇಷನ್ನು, ಈಗ ಕೂಗಬೇಕು, ಏನೇ ಅಲ್ಲ, ಏಯ್ ಅಲ್ಲ, ಹೆಸರು, ಹೆಸರು ಹಿಡಿದು ಕರೆದದ್ದಿಲ್ಲ ಎಂದೂ, ಕುಮುದಾ, ಬಾಯೊಳಗೇ ಆಡಿ ನೋಡಿದ, ಕುಮುದಾ, ಆಗುತ್ತದೆ, ಉಸಿರು ತೆಗೆದುಕೊಂಡ, ಬಾಯಿ ತೆರೆದ, ಅಷ್ಟರಲ್ಲಿ ಕೆನ್ನೆ ಮೇಲಕ್ಕೆ ಹೋಯಿತು, ತಾನಾಗಿಯೇ, ತುಟಿ ಅಗಲವಾಯಿತು, ಆ ನಗು, ಅಂಗಡಿಯ ನಗು, ಗುಹೆಯ ನಗು, ಯಾರೂ ಇಲ್ಲದ ದಾರಿಯಲ್ಲಿ ಅವಳ ಬೆನ್ನಿಗೆ ಹಲ್ಲು ಕಿಸಿದುಕೊಂಡು, ಬಾಯಿ ಮುಚ್ಚಿದ, ಬೆಲ್ಲಿಗೆ ಬೆರಳು ಒತ್ತಿದ, ಬೆರಳಿಗೆ ಬೆಲ್ಲು ಸಿಗಲಿಲ್ಲ, ಮುಂದೆ ಅವಳು ತುಳಿಯುವುದು ನಿಲ್ಲಿಸಿದಳು, ಚಕ್ರ ತಾನೇ ಉರುಳುತ್ತಿತ್ತು, ಹಿಂದಕ್ಕೆ ನೋಡಲಿಲ್ಲ, ಎಡಗೈ ಎದ್ದಿತು, ನೆಟ್ಟಗೆ, ಅಂಗೈ ಬಿಚ್ಚಿ, ಹಿಂದೆ ಬರೋರಿಗೆ ಗೊತ್ತಾಗ್ಬೇಕಲ್ಲ, ಬಿಸಿಲಿಗೆ ಕಪ್ಪಾದ ಕೈ, ಮಣಿಕಟ್ಟಿನಲ್ಲಿ ಬಳೆಯಿದ್ದಷ್ಟು ಅಗಲದ ಬೆಳ್ಳನೆಯ ಪಟ್ಟೆ, ತಿರುಗಿದ ಮೇಲೂ ಕೈ ಇಳಿಸಲಿಲ್ಲ, ಆ ಬಿಳಿ ಪಟ್ಟೆ, ಚಾಚಿದ ಕೈ, ಬಿಳಿ ಪಟ್ಟೆ.