ಉಪ್ಪುಕಂಡಕ್ಕೆ ಬೇಕಾದ ಹೊಗೆ

"ಒಂಚೂರೂ ಹೊಗೆ ಬರಲ್ಲ ಮೇಡಂ" ಎಂಬ ಮಾತನ್ನು ಮಂಜುಶ್ರೀ ಆ ಸಂಜೆ ಮೂರನೆಯ ಸಲ ಕೇಳಿದಳು. ಮೊದಲ ಅಂಗಡಿಯವನು ಕರೆಂಟಿನ ತವಾ ತೋರಿಸಿ ಹಾಗೆಂದಿದ್ದ. ಎರಡನೆಯವನು ತೆಂಗಿನ ಚಿಪ್ಪಿನ ಇದ್ದಿಲನ್ನು ಅಂಗೈ ಮೇಲಿಟ್ಟುಕೊಂಡು, ಮಗುವಿನ ಜಾತಕ ಹೇಳುವವನ ಹಾಗೆ ಅದರ ಗುಣಗಾನ ಮಾಡಿದ್ದ. ಈಗ ಮೂರನೆಯವನು, ಮಾಂಸ ಸುಡುವ ಒಲೆಗಳ ಅಂಗಡಿಯವನು. ಅವಳಿಗೆ ಬೇಕಾದದ್ದೇ ಹೊಗೆ. ಇಡೀ ಮೈಸೂರಿನಲ್ಲಿ ಹೊಗೆ ಮಾರುವವರು ಮಾತ್ರ ಒಬ್ಬರೂ ಇದ್ದಂತಿರಲಿಲ್ಲ.

"ನಂಗೆ ಹೊಗೆ ಬೇಕು ಕಣ್ರೀ. ಮಾಂಸಕ್ಕೆ ಹೊಗೆ ಹಿಡಿಸ್ಬೇಕು" ಎಂದಳು.

ಅಂಗಡಿಯವನು ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಬೆಳಗಿನಿಂದ ಜಯಲಕ್ಷ್ಮಿಪುರಂನ ಶಾಲೆಯೊಂದರ ಆಫೀಸಿನಲ್ಲಿ ದುಡಿದು ಬಂದ, ಸೀರೆಯ ನೆರಿಗೆ ಕೆದರಿದ, ಕೈಯಲ್ಲಿ ಟಿಫನ್ ಬಾಕ್ಸಿನ ಚೀಲ ಹಿಡಿದ ನಲವತ್ತಾರರ ಹೆಂಗಸು ಹಿತ್ತಿಲಲ್ಲಿ ಪಾರ್ಟಿ ಮಾಡುವ ಗಿರಾಕಿಯ ಹಾಗೆ ಅವನಿಗೆ ಕಂಡಿರಲಾರಳು. ಅವಳಿಗೂ ಪಾರ್ಟಿಯ ಗೊಡವೆ ಇರಲಿಲ್ಲ. ಅವಳಿಗಿದ್ದದ್ದು ಮಾವನ ಚಿಂತೆ.

ಮಾವ ಬೀರಯ್ಯ ಊಟ ಬಿಟ್ಟು ಐದು ವಾರವಾಗಿತ್ತು. ತೋಟಗಾರಿಕೆ ಇಲಾಖೆಯಲ್ಲಿ ಮಾಲಿಯಾಗಿದ್ದು ನಿವೃತ್ತನಾದ, ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಕೈ ಚಾಚುತ್ತಿದ್ದ ಮನುಷ್ಯ. ಹೆಂಡತಿ ಕೆಂಚಮ್ಮ ಸತ್ತು ವರ್ಷ ತುಂಬಿದ ಮೇಲೆ, ಯಾರೋ ಹೇಳಿಕೊಟ್ಟಂತೆ ತಟ್ಟೆಯನ್ನು ದೂರ ತಳ್ಳತೊಡಗಿದ್ದ. ಎರಡು ಲೋಟ ಹಾಲು, ಒಂದಿಷ್ಟು ಗಂಜಿ, ಅಷ್ಟೇ. ಸೋಮವಾರ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಗಂಟಲಲ್ಲಾಗಲಿ ಹೊಟ್ಟೆಯಲ್ಲಾಗಲಿ ಏನೂ ತೊಂದರೆಯಿಲ್ಲ ಎಂದಿದ್ದರು. ಮುಂದಿನ ಸೋಮವಾರದೊಳಗೆ ಗಟ್ಟಿ ಊಟ ಮಾಡದಿದ್ದರೆ ಅಡ್ಮಿಟ್ ಮಾಡಿ ಮೂಗಿಗೆ ಪೈಪು ಹಾಕುವುದೇ ಸೈ ಎಂದೂ ಹೇಳಿದ್ದರು.

ವಾಪಸ್ಸು ಬರುವಾಗ ಆಟೋದಲ್ಲಿ ಅವಳು ಕೇಳಿದ್ದಳು. "ನಿಮ್ಗೆ ಏನ್ ತಿನ್ನಬೇಕು ಅನ್ಸುತ್ತೆ ಹೇಳಿ ಮಾವ. ಏನಾದ್ರೂ ಸರಿ."

ಬೀರಯ್ಯ ಶ್ರೀರಾಂಪುರದ ತಿರುವು ಬಂದಾಗ ಹೇಳಿದ್ದ. "ಉಪ್ಪುಕಂಡ ಮಾಡ್ತೀಯಾ ಕಣವ್ವ? ನಿಮ್ಮತ್ತೆ ಮಾಡೋಳಲ್ಲ, ಒಗೆ ಇಡ್ಸಿ. ಅಂಗೆ."

ಕೆಂಚಮ್ಮ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಬೆಳ್ಳುಳ್ಳಿ ಖಾರ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿನಲ್ಲಿ ಒಣಗಿಸುತ್ತಿದ್ದಳು. ಆಮೇಲೆ ಹಿತ್ತಿಲಲ್ಲಿದ್ದ ನೀರೊಲೆಯ ಮೇಲೆ ಸಾಲಾಗಿ ಕಟ್ಟಿ ಹೊಗೆ ಕುಡಿಸುತ್ತಿದ್ದಳು. ಮಳೆಗಾಲಕ್ಕೆ ಅದೇ ಗತಿ. ಆ ಒಲೆ ಈಗ ಎಲ್ಲಿದೆ? ಸೋಲಾರ್ ಬಂದ ವರ್ಷ ಮಂಜುಶ್ರೀಯೇ ಹಠ ಹಿಡಿದು ಒಡೆಸಿದ್ದಳು. ಬಟ್ಟೆಗೆಲ್ಲ ಮಸಿ, ಅತ್ತೆಗೆ ಕೆಮ್ಮು, ಯಾರಿಗೆ ಬೇಕು ಅಂದಿದ್ದಳು. ಅದನ್ನು ಈಗ ನೆನೆದು ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಇದು ಮಂಗಳವಾರದ ಸಂಜೆ. ಬೆಳಿಗ್ಗೆಯೇ ಮಾಂಸ ತಂದು, ಪೋಣಿಸಿ, ಕಾಗೆಗೆ ಸಿಗದಂತೆ ಹಳೆಯ ಸೊಳ್ಳೆಪರದೆ ಹೊದಿಸಿ ತಾರಸಿಯ ಮೇಲೆ ಒಣಹಾಕಿಯೇ ಅವಳು ಕೆಲಸಕ್ಕೆ ಹೊರಟಿದ್ದಳು. ಗಂಡ ಲಿಂಗರಾಜು ಮಂಗಳೂರು ರೂಟಿನ ಬಸ್ ಡ್ರೈವರು. ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಇದ್ದ ದಿನ ನಿದ್ದೆ. ಅವನನ್ನು ದೂರುವ ಹಾಗೂ ಇಲ್ಲ, ನೆಚ್ಚುವ ಹಾಗೂ ಇಲ್ಲ.

ಅಂಗಡಿಯವನು ಕೊನೆಗೆ ಒಳಗಿನಿಂದ ಒಂದು ಪೆಟ್ಟಿಗೆ ತಂದ. ಪುಟ್ಟ ಬೀರುವಿನಂತಿದ್ದ ಅದಕ್ಕೆ ಕರೆಂಟಿನ ವೈರು, ಕೆಳಗೆ ಮರದ ಚೂರು ಹಾಕುವ ತಟ್ಟೆ, ಮೇಲೆ ಮಾಂಸ ತೂಗುಹಾಕುವ ಕೊಕ್ಕೆ, ಮುಂದೆ ಒಂದು ಗುಂಡಿ. "ಹೊಗೆ ಎಲ್ಲ ಒಳಗೇ ಇರುತ್ತೆ. ನೀವು ಮುಂದೆ ನಿಂತ್ಕೊಳ್ಳೋದೇ ಬೇಡ. ಗಂಟೆ ಇಡಿ, ಸ್ವಿಚ್ ಹಾಕಿ, ನಿಮ್ಮ ಪಾಡಿಗೆ ನಿಮ್ಮ ಕೆಲಸ ನೋಡ್ಕೊಳಿ" ಎಂದ.

ನಿಂತುಕೊಳ್ಳುವುದೇ ಬೇಡ ಎಂಬ ಮಾತು ಅವಳ ಕಿವಿಗೆ ಜೋಗುಳದಂತೆ ಬಿತ್ತು. ಬೆಳಗಿನ ಐದಕ್ಕೆ ಎದ್ದರೆ ರಾತ್ರಿ ಹಾಸಿಗೆ ಕಾಣುವ ತನಕ ಅವಳು ನಿಂತೇ ಇರುವವಳು. ಅಡುಗೆಮನೆಯಲ್ಲಿ ನಿಲ್ಲುವುದು, ಬಸ್ಸಿನಲ್ಲಿ ನಿಲ್ಲುವುದು, ಆಫೀಸಿನ ಕಿಟಕಿಯಲ್ಲಿ ಪೋಷಕರ ಮುಂದೆ ನಿಲ್ಲುವುದು. ಮಾವನ ಮುಂದೆ ತಟ್ಟೆಯಿಟ್ಟು ತಿನ್ನುತ್ತಾನೋ ಇಲ್ಲವೋ ಎಂದು ಬಾಗಿಲಲ್ಲಿ ಒಂದು ಗಳಿಗೆ ನಿಂತು ಮತ್ತೆ ಒಳಗೆ ಓಡುವುದು. ಅವಳು ಮರುಮಾತಾಡದೆ ಪೆಟ್ಟಿಗೆ ಕಟ್ಟಿಸಿಕೊಂಡಳು.

ಶುಕ್ರವಾರದ ಹೊತ್ತಿಗೆ ಮಾಂಸ ಹದವಾಗಿ ಒಣಗಿತ್ತು. ಅರ್ಧ ಪಾಲನ್ನು ಪೆಟ್ಟಿಗೆಯೊಳಗೆ ತೂಗಿಹಾಕಿ, ಅಂಗಡಿಯವನೇ ಕೊಟ್ಟಿದ್ದ ಮರದ ಚೂರು ಸುರಿದು, ನಾಲ್ಕು ಗಂಟೆ ಹೊತ್ತು ಹೊಗೆಯಾಡುವಂತೆ ಗುಂಡಿ ತಿರುಗಿಸಿ ಬೆಳಿಗ್ಗೆ ಕೆಲಸಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಪೆಟ್ಟಿಗೆ ತಾನೇ ಕೆಲಸ ಮುಗಿಸಿ, ತಾನೇ ಆರಿ, ಸಾಚಾ ಮುಖ ಮಾಡಿಕೊಂಡು ಕೂತಿತ್ತು. ಮಾಂಸ ಕಡುಗೆಂಪಾಗಿ, ಘಮ್ಮೆನ್ನುತ್ತಿತ್ತು. ಅವಳಿಗೇ ಬಾಯಲ್ಲಿ ನೀರೂರಿತು. ಗುಂಡುಕಲ್ಲಿನಲ್ಲಿ ಹತ್ತಿಯಂತಾಗುವ ತನಕ ಜಜ್ಜಿ, ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು, ಹಿಂಬಾಗಿಲ ಬಳಿಯ ಮಂಚದಲ್ಲಿದ್ದ ಮಾವನ ಮುಂದಿಟ್ಟಳು.

ಬೀರಯ್ಯ ಒಂದು ಎಳೆ ಎತ್ತಿ ಮೂಸಿದ. "ಯಾರು ಸುಟ್ಟಿದ್ದು?" ಎಂದ.

"ಪೆಟ್ಟಿಗೆ ಸುಡ್ತು ಮಾವ. ಕರೆಂಟಿಂದು."

ಅವನು ಎಳೆಯನ್ನು ತಟ್ಟೆಗೆ ಹಾಕಿದ. "ಬ್ಯಾಡ ಕಣವ್ವ, ತಗಂಡೋಗು."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಗಂಡನಿಗೆ ಫೋನು ಮಾಡಿದಳು. "ನಿಮ್ಮಪ್ಪಂಗೆ ಇನ್ನೇನು ಮಾಡ್ಲಿ ಹೇಳಿ. ನಾನೇ ಒಲೇಲಿ ಕೂತು ಹೊಗೆಯಾಗ್ಲಾ?"

"ಸುಸ್ತು ಮಾಡ್ಕೋಬೇಡ ಕಣೇ. ಸೋಮವಾರ ಕರ್ಕೊಂಡೋಗಿ ಪೈಪ್ ಹಾಕ್ಸೋಣ ಬುಡು" ಎಂದ ಲಿಂಗರಾಜು. ಅವನ ಧ್ವನಿಯೂ ದಣಿದಿತ್ತು. ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು.

ಸೋಮವಾರ ಅವರ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ, ಶಿವನ ವಾರ. ಅಲ್ಲಿಗೆ ಉಳಿದ ರಜೆಯ ದಿನ ಭಾನುವಾರ ಒಂದೇ. ಪೆಟ್ಟಿಗೆಯ ಹೊಗೆಯಲ್ಲೇ ದೋಷವಿರಬೇಕೆಂದು ಅವಳು ಲೆಕ್ಕ ಹಾಕಿದಳು. ಅತ್ತೆಯ ಹೊಗೆ ಬೆಂಕಿಯದು, ಇದು ಕರೆಂಟಿನದು. ಹಾಗಾದರೆ ಬೆಂಕಿಯೇ ಬೇಕು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಎರಡು ಬಸ್ಸು ಬದಲಾಯಿಸಿ ಉದಯಗಿರಿಗೆ ಹೋದಳು. ಅಲ್ಲಿ ವೆಲ್ಡಿಂಗ್ ಮಾಡುವ ದೇವಯ್ಯ ಅವಳ ಶಾಲೆಯ ಗೇಟು ಕಟ್ಟಿದವನು. ಡ್ರಮ್ಮು ಸೀಳಿ ಒಲೆ ಮಾಡಿಕೊಡಿ ಎಂದಳು.

"ಡ್ರಮ್ ಬ್ಯಾಡಿ ಅಕ್ಕ. ಅದ್ರಲ್ಲಿ ಏನಿತ್ತೋ ಎತ್ತೋ, ಕಾದ್ರೆ ಅದರ ವಿಷ ಎಲ್ಲ ಮಾಂಸಕ್ಕೆ ಇಳೀತದೆ" ಎಂದ ದೇವಯ್ಯ. ಸತುವಿನ ಬಿಳಿ ಲೇಪದ ತಗಡೂ ಆಗದು, ಅದೂ ಕಾದರೆ ಕೆಟ್ಟ ಹೊಗೆ ಉಗುಳುತ್ತದೆ ಎಂದ. ಮೂಲೆಯಿಂದ ಗಾರೆ ಕೆಲಸದ ಒಂದು ಹಳೆಯ ಕಬ್ಬಿಣದ ಬಾಂಡ್ಲಿ ಎಳೆದು, ಅದಕ್ಕೆ ಮೂರು ಕಾಲು ಬೆಸೆದು, ಮೇಲೆ ಮೊಳದೆತ್ತರಕ್ಕೆ ಸರಳಿನ ಚೌಕಟ್ಟು ನಿಲ್ಲಿಸಿದ. "ಇಷ್ಟೇ ಸಾಕು. ಆದ್ರೆ ಇದಕ್ಕೆ ಮುಚ್ಚಳ ಇಲ್ಲ, ಗುಂಡಿ ಇಲ್ಲ. ಬಿಟ್ಟು ಒಳಗೋದ್ರೆ ಮಾಂಸ ಕರಿಕಲಾಯ್ತದೆ. ಒಬ್ರು ಪಕ್ಕದಲ್ಲಿರ್ಬೇಕು."

ಒಬ್ಬರು ಅಂದರೆ ಯಾರು ಎಂದು ಅವಳು ಕೇಳಲಿಲ್ಲ. ಆ ಮನೆಯಲ್ಲಿ ಒಬ್ಬರು ಅಂದರೆ ಅವಳೇ. ದಾರಿಯಲ್ಲಿ ಸೌದೆ ಡಿಪೋದಿಂದ ಒಂದು ಕಟ್ಟು ಸೌದೆಯನ್ನೂ ಒಂದಿಷ್ಟು ಚಿಪ್ಪಿನ ಇದ್ದಿಲನ್ನೂ ಆಟೋಗೆ ಹಾಕಿಸಿಕೊಂಡು ಬಂದಳು.

ಭಾನುವಾರ ಒಂಬತ್ತು ಗಂಟೆಗೆ ಹಿತ್ತಿಲಲ್ಲಿ ಬೆಂಕಿ ಹಾಕಿದಳು. ಎಂಟಡಿ ಅಗಲದ ಹಿತ್ತಿಲು, ಒಂದು ಸೀಬೆ ಗಿಡ, ಒಂದು ಬಟ್ಟೆ ಒಗೆಯುವ ಕಲ್ಲು. ತಳಕ್ಕೆ ಚಿಪ್ಪಿನ ಇದ್ದಿಲು ಹರಡಿ ಕೆಂಡವಾದ ಮೇಲೆ ಡಿಪೋದ ಸೌದೆ ಇಟ್ಟಳು. ಹೊಗೆ ಏಳುತ್ತಲೇ ಹಿಂಬಾಗಿಲಿನಿಂದ ದನಿ ಬಂತು.

"ನೀಲ್ಗಿರಿ ಅದು. ತಗದಾಕು. ಔಸ್ದಿ ವಾಸ್ನೆ ಒಡೀತದೆ."

ಐದು ವಾರದಲ್ಲಿ ಬೀರಯ್ಯ, ಯಾರೂ ಮುಂದೆ ತಟ್ಟೆಯಿಡದೆ, ಏನೂ ಕೇಳದೆ, ತಾನಾಗಿ ಆಡಿದ ಮೊದಲ ಮಾತು ಅದು. ಅವಳು ತಿರುಗಿ ನೋಡಿದಳು. ಅವನು ಮಂಚದಲ್ಲಿ ಎದ್ದು ಕೂತಿದ್ದ.

"ಮತ್ತೆ ಯಾವ್ದು ಹಾಕ್ಲಿ ಮಾವ?"

"ಓದ್ ವರ್ಸ ನಾನು ಸೀಬೆ ರೆಂಬೆ ಕಡ್ದು ಮಡ್ಗಿವ್ನಲ್ಲ, ಕಾಂಪೌಂಡ್ ತಾವ. ಬೇವು ಸೇರ್ಸ್ಕಂಡೀಯ, ಮಾಂಸ ಕಯಿ ಆಯ್ತದೆ."

ಊರೆಲ್ಲ ಸುತ್ತಿ ಬಂದವಳಿಗೆ ಸೌದೆ ಕೈಯಳತೆಯಲ್ಲೇ ಇತ್ತು. ನಗಬೇಕೆನಿಸಿತು, ನಗುವಷ್ಟು ತ್ರಾಣ ಇರಲಿಲ್ಲ. ಸೀಬೆ ರೆಂಬೆಗಳನ್ನು ಮುರಿದು ಇಟ್ಟಳು. ಹೊಗೆ ತೆಳ್ಳಗೆ, ನೀಲಿಯಾಗಿ ಎದ್ದಿತು. ಉಳಿದರ್ಧ ಉಪ್ಪುಕಂಡವನ್ನು ಸರಳಿಗೆ ಕಟ್ಟಿ, ಬಟ್ಟೆ ನೆನೆಹಾಕಲು ಒಳಗೆ ಹೋದಳು.

ಎರಡು ನಿಮಿಷವಾಗಿರಲಿಲ್ಲ, ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದಿತು. ಓಡಿ ಬಂದು ನೀರು ಚಿಮುಕಿಸಿದಳು. ಅನ್ನಕ್ಕಿಡಲು ಹೋದಳು. ಕಾಂಪೌಂಡಿನ ಮೇಲೆ ಬೆಕ್ಕು ಬಂದು ಕೂತಿತು. ಓಡಿ ಬಂದು ಓಡಿಸಿದಳು. ಮೂರನೆಯ ಸಲ ಮೋಟರ್ ಹಾಕಲು ಹೋದಾಗ ಬೆಂಕಿ ಆರಿಯೇ ಹೋಗುತ್ತಿತ್ತು. ಅವಳಿಗೆ ಸಾಕಾಯಿತು. ಬಟ್ಟೆ ನೆನೆದರೆ ನೆನೆಯಲಿ ಎಂದುಕೊಂಡು ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿದಳು. ಕೂತ ಮೇಲೆ ತಿಳಿಯಿತು, ಕಾಲು ಎಷ್ಟು ನೋಯುತ್ತಿತ್ತು ಎಂದು. ಅದು ಇವತ್ತಿನ ನೋವಾಗಿರಲಿಲ್ಲ.

ಹತ್ತಾಯಿತು, ಹನ್ನೊಂದಾಯಿತು. ಅವಳು ರೆಂಬೆ ಮುರಿಯುವುದು, ಊದುವುದು, ಸುಮ್ಮನೆ ಕೂರುವುದು. ಬೀರಯ್ಯ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದು ಹೊಸ್ತಿಲ ಮೇಲೆ ಕೂತ. ಏಳಿ ಮಾವ, ಹೊಗೆ ಬಡಿಯುತ್ತೆ ಎನ್ನಬೇಕಿತ್ತು. ಅನ್ನಲಿಲ್ಲ. ಇಬ್ಬರೂ ಬೆಂಕಿ ನೋಡುತ್ತ ಕೂತರು. ಪಕ್ಕದ ಬೀದಿಯ ನಾಯಿಗೆ ಮುದಿತನ ಬಂದದ್ದು, ಸೀಬೆಗೆ ಈ ವರ್ಷ ಹುಳ ಬಿದ್ದದ್ದು, ಹೀಗೆ ನಾಲ್ಕು ಮಾತಾಡಿದರು.

ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಒಂದು ಎಳೆ ದಾರದಿಂದ ಕಳಚಿ ಕೆಂಡದ ಅಂಚಿಗೆ ಬಿತ್ತು. ಎತ್ತಿ, ಬೂದಿ ಊದಿ, ಯೋಚಿಸದೆ ಬಾಯಿಗೆ ಹಾಕಿಕೊಂಡಳು. ಮಾವನಿಗೆಂದು ಮಾಡಿದ್ದನ್ನು ತಾನು ಮೊದಲು ತಿಂದೆನಲ್ಲ ಎಂದು ನಾಚಿಕೆಯಾಗಿ ತಲೆಯೆತ್ತಿದರೆ, ಬೀರಯ್ಯ ಅವಳನ್ನೇ ನೋಡುತ್ತಿದ್ದ.

"ಉಪ್ಪು ಎಂಗಾಗದೆ?"

"ಸರಿಯಾಗಿದೆ ಮಾವ."

ಅವನು ಕೈ ಚಾಚಿದ.

ಅವಳು ಎರಡು ಎಳೆ ಸುಟ್ಟು, ಕಲ್ಲಿನ ಮೇಲೆಯೇ ಜಜ್ಜಿ ಅವನ ಅಂಗೈಗೆ ಹಾಕಿದಳು. ಬೀರಯ್ಯ ಒಸಡಿನಲ್ಲೇ ಬಹಳ ಹೊತ್ತು ಅರೆದ, ನುಂಗಿದ. ಮತ್ತೆ ಕೈ ಚಾಚಿದ. ಮೂರನೆಯ ಸಲ ಅನ್ನವನ್ನೂ ತರಲಾ ಎಂದು ಅವಳು ಏಳಹೋದಾಗ, "ಆಮ್ಯಾಕ್ ತಂದೀಯಂತೆ, ಕುಂತ್ಕ" ಎಂದ.

ಅವಳ ಕಣ್ಣು ತುಂಬಿತ್ತು. ಹೊಗೆ ಇತ್ತಲ್ಲ, ಸಬೂಬು ಹುಡುಕಬೇಕಾಗಲಿಲ್ಲ. "ಅತ್ತೆ ಮಾಡೋ ಹಾಗೇ ಇದ್ಯಾ ಮಾವ?"

"ಎಲ್ಲಿ ಬಂತು. ಅವಳ್ದು ಬರೀ ಉಪ್ಪು. ನಾಲ್ಗೆಗೆ ಇಕ್ಕಕ್ಕಾಯ್ತಿರ್ನಿಲ್ಲ. ನಂಗೆ ಯಾವತ್ತೂ ಸೇರ್ತಿರ್ನಿಲ್ಲ ಕಣವ್ವ."

ಮಂಜುಶ್ರೀ ಊದುವುದನ್ನು ನಿಲ್ಲಿಸಿದಳು. ವಾರವಿಡೀ ಸುತ್ತಿದ ಅಂಗಡಿಗಳು, ಪೆಟ್ಟಿಗೆ, ಉದಯಗಿರಿ ಎಲ್ಲ ಒಮ್ಮೆಲೇ ಮೈಮೇಲೆ ಬಂದಂತಾಯಿತು. "ಮತ್ಯಾಕೆ ಅದನ್ನೇ ಕೇಳಿದ್ರಿ?"

ಬೀರಯ್ಯ ಒಂದು ರೆಂಬೆ ಎತ್ತಿ ಕೆಂಡದ ಮೇಲಿಟ್ಟ. "ನಿಮ್ಮತ್ತೆ ಸೊಪ್ಪು ಮಾರಕ್ಕೆ ಬುಟ್ಟಿ ಒತ್ಕಂಡ್ ಒತ್ತಾರೆ ಓದೋಳು ಸಂಜ್ಗೇ ಬರೋದು. ಬಂದ್ರೂ ನಿಂತ್ಕಂಡೇ. ಅವಳು ಕುಂತಿದ್ದು ನಾನು ಕಂಡೋನೇ ಅಲ್ಲ. ಒಲೆ ಮ್ಯಾಲೆ ಉಪ್ಪುಕಂಡ ಕಟ್ಟಿದ್ ದಿನ ಮಾತ್ರ, ಬೆಕ್ಕು ಬತ್ತದೆ ಅಂತ ದಿನೆಲ್ಲ ಕುಂತ್ಕಳೋಳು. ನಾನೂ ಪಕ್ಕದಲ್ಲಿ ಕುಂತ್ಕಳನು."

ಮಂಜುಶ್ರೀ ಐದು ವಾರ ತಟ್ಟೆ ಇಟ್ಟು ಬಾಗಿಲಲ್ಲಿ ನಿಂತು ಓಡಿಹೋಗುತ್ತಿದ್ದ ತನ್ನ ಕಾಲುಗಳನ್ನು ನೋಡಿಕೊಂಡಳು. ಮಾವನ ಮೇಲೆ ಮರುಕವಾಯಿತು. ತನ್ನ ಮೇಲೂ ಆಯಿತು. ಹೋಗಿಬಿಟ್ಟ ಆ ಅತ್ತೆಯ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಆಯಿತು.

ಮಧ್ಯಾಹ್ನದ ಹೊತ್ತಿಗೆ ಬೀರಯ್ಯ ಒಂದು ಬಟ್ಟಲು ಅನ್ನ ಮುಗಿಸಿದ್ದ. ನಾಳೆ ಡಾಕ್ಟರಿಗೆ ಹೇಳಲು ಒಂದು ಒಳ್ಳೆಯ ಮಾತು ಸಿಕ್ಕಿತ್ತು. ಕೈತೊಳೆದು ಒರೆಸಿಕೊಳ್ಳುತ್ತ ಅವನು ಹೇಳಿದ.

"ನಾಳೆ ಸ್ವಾಮಾರ. ಮಾಂಸ ಇಲ್ಲ."

"ಬದ್ನೆಕಾಯಿ ಸುಡ್ತೀನಿ ಮಾವ, ಗೊಜ್ಜಿಗೆ."

"ಇಲ್ಲೇಯಾ? ಕುಂತ್ಕಂಡು?"

ನಾಳೆ ಆಸ್ಪತ್ರೆಯಿದೆ, ಅಲ್ಲಿಂದ ನೇರ ಶಾಲೆಗೆ ಓಡಬೇಕು, ನೆನೆದ ಬಟ್ಟೆ ಹಾಗೇ ಇದೆ. ಕೂರುವ ಹೊತ್ತು ಎಲ್ಲಿಂದ ತರಬೇಕೋ ಅವಳಿಗೆ ಗೊತ್ತಿರಲಿಲ್ಲ.

"ಕೂತ್ಕೊಂಡೇ ಮಾವ" ಎಂದು ಮಂಜುಶ್ರೀ ಇನ್ನೊಂದು ಸೀಬೆ ರೆಂಬೆ ಮುರಿದು ಕೆಂಡಕ್ಕೆ ಹಾಕಿದಳು.